ಜ್ವರದಿಂದ ಸತ್ತವಳಲ್ಲ

ಸೈನಿಕರು ಹುಡುಕಿಕೊಂಡು ಬಂದದ್ದು ಬಂದೂಕಿನವರನ್ನು. ಕೊಂದದ್ದು ಹಿಟ್ಟು ನಾದುತ್ತಿದ್ದ ಹೆಂಗಸನ್ನು. ಆಮೇಲೆ ಟಿವಿಯಲ್ಲಿ, ಸತ್ತವರೆಲ್ಲ ವೈರಿಗಳೇ ಅಂದರು. ನಡೆದದ್ದು ಇಷ್ಟೇ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ತಿಳಿದದ್ದು ಟಿವಿಯವರಿಗೆ ತಿಳಿಯದೆ ಹೋಯಿತೇ, ನೀವೇ ಹೇಳಿ.

ಈಗ ನಾವಿರುವುದು ಬಾಕ್ಸ್ ಹಿಲ್‌ನಲ್ಲಿ. ಇವತ್ತು ಮಗಳು ಹಸಿರು ಚಹಾಕ್ಕೆ ಏಲಕ್ಕಿ ಜಜ್ಜಿ ಹಾಕಿದಳು, ಆ ವಾಸನೆಗೆ ಗುಲ್‌ಮೀನಾ ನೆನಪಾದಳು. ಮೊದಲು ಸಿಡ್ನಿಯಲ್ಲಿದ್ದಾಗ, ಪ್ಯಾರಮಟ್ಟಾದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಮನೆಯವಳು. ತವರು ಪಾಕಿಸ್ತಾನದ ತುದಿ, ಅಫ್ಘಾನ್ ಗಡಿಯ ಬೆಟ್ಟದ ಹಳ್ಳಿ. ನನ್ನದು ಬೀದರಿನ ಹಿಂದಿ, ಅವಳದ್ದು ಪೇಶಾವರದ್ದು. ಎರಡೂ ಕುಂಟು, ಒಂದಕ್ಕೊಂದು ಊರುಗೋಲಾಗಿ ನಡೆದವು. ಒಣಗಿಸಿಟ್ಟ ನನ್ನ ಜೋಳದ ಕಟಕ್ ರೊಟ್ಟಿ ನೋಡಿ, "ಬಹೆನ್, ಇದು ತಿನ್ನೋಕೋ, ಮಾಳಿಗೆಗೆ ಹೊದಿಸೋಕೋ?" ಅಂದಿದ್ದಳು. ತಿನ್ನುವಾಗ ಮಾತ್ರ ನನಗಿಂತ ಮುಂದು.

ಒಂದು ಮಧ್ಯಾಹ್ನ ಅವಳಿಗೆ ಫೋನ್ ಬಂತು. ಗಡಿಯಾಚೆಯಿಂದ ಹೆಲಿಕಾಪ್ಟರಿನಲ್ಲಿ ಬಂದಿಳಿದ ಪರದೇಶದ ಸೈನಿಕರು ಅವಳ ಅಣ್ಣನ ಮನೆಗೆ ನುಗ್ಗಿದ್ದರು. ಗುಲ್‌ಮೀನಾಳನ್ನು ಎತ್ತಿ ಆಡಿಸಿದ ಅತ್ತಿಗೆ ಸತ್ತಿದ್ದಳು. ಅವಳ ಮಗ ಮ್ಯಾಕ್ವೆರಿ ಪಾರ್ಕಿನ ಆಫೀಸಿನಿಂದ ಓಡಿ ಬಂದವನು, "ಅಮ್ಮಿ, ಜ್ವರ ಬಂದು ಹೋದಳು ಅನ್ನು. ದಾಳಿ ಗೀಳಿ ಅಂದರೆ ನಮ್ಮ ಮೇಲೂ ಸಂಶಯ ಬರ್ತದೆ. ಇಲ್ಲೇ ನೆಲೆಸೋಕೆ ಪಿಆರ್ ಇನ್ನೂ ಸಿಕ್ಕಿಲ್ಲ" ಅಂದ.

"ಜ್ವರ ಬೂಟು ಹಾಕ್ಕೊಂಡು ಬರ್ತದೇನೋ?" ಅಂದಳು ಗುಲ್‌ಮೀನಾ.

ಸಾವಾದ ಮನೆಯವರು ಜಮಖಾನ ಹಾಸಿ, ಬಾಗಿಲು ತೆರೆದಿಡಬೇಕು. ಬಂದವರು ಸುಮ್ಮನೆ ಜೊತೆಗೆ ಕೂರಬೇಕು. ಅವರ ಕಡೆಯ ಪದ್ಧತಿ. ಹಾಸಿದಳು, ತೆರೆದಳು. ಕೇಳಿದವರಿಗೆಲ್ಲ ನಡೆದದ್ದನ್ನೇ ಹೇಳಿದಳು. ಅವಳ ಗುರುತಿನವರೇ ಹೊಸ್ತಿಲಲ್ಲಿ ನಿಂತು, ಕೇಳಿ, ಲಿಫ್ಟಿನ ಗುಂಡಿ ಒತ್ತಿದರು. ಚಹಾ ಆರಿತು, ಮತ್ತೆ ಕುದಿಸಿದಳು. ಸಂಜೆಯಾದರೂ ಒಬ್ಬರೂ ಕೂರಲಿಲ್ಲ. ಹೊಗಳುವುದು ನನಗೆ ಬರುವುದಿಲ್ಲ. ಆದರೆ ಗೋಡೆಗೆ ಒರಗದೆ ಕೂತ ಅಂಥ ಬೆನ್ನನ್ನು ನಾನು ಗಂಡಸರಲ್ಲೂ ಕಂಡಿಲ್ಲ.

ನಾನು ನಮ್ಮ ಬಾಗಿಲ ತೂತಿಗೆ ಕಣ್ಣಿಟ್ಟು ನಿಂತದ್ದನ್ನು ಮಗಳು ನೋಡಿದಳು. "ಅವ್ವಾ, ಆ ಕಡೆ ಹೋಗಬ್ಯಾಡ. ನಮ್ಮ ಪಿಆರ್ ಸುದ್ದಾ ಪೆಂಡಿಂಗ್ ಐತಿ. ಮಂದಿ ಏನಂದಾರು?"

"ಮಂದಿ ಏನೂ ಅನ್ನಾಂಗಿಲ್ಲ. ಅದಕ್ಕs ಆಕಿ ಒಬ್ಬಾಕಿ ಕುಂತಾಳ."

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಭಯವೂ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ತಲೆ ತುಂಬ ಸೆರಗು ಹೊದ್ದು ಎದುರು ಮನೆಗೆ ಹೋಗಿ ಗುಲ್‌ಮೀನಾಳ ಪಕ್ಕ ಕೂತೆ. ಚಪ್ಪಲಿಯನ್ನು ಮಾತ್ರ ಹೊರಗೆ, ಲಿಫ್ಟಿನಿಂದ ಇಳಿದವರ ಕಣ್ಣಿಗೆ ಬೀಳುವ ಹಾಗೆ, ನಟ್ಟನಡುವೆ ಬಿಟ್ಟೆ.