ಹುಣಸೆಹಣ್ಣಿನಲ್ಲಿ ಉಜ್ಜಿದ ಕಾರಿನ ದೀಪ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ, ಮನೆಗೂ ಬಂದಿದ್ದಾಳೆ! ಆದರೆ ಅವಳನ್ನು ಕರೆತಂದ ದಿನ ನನ್ನ ಜೀವವೇ ಬಾಯಿಗೆ ಬಂದಿತ್ತು.

ಚಳ್ಳಕೆರೆ ಆಸ್ಪತ್ರೆಯಿಂದ ಮಗಳನ್ನೂ ಕೂಸನ್ನೂ ಸಂಜೆ ಕಳಿಸುತ್ತೇವೆ ಎಂದಿದ್ದರು. ಮಗ ಮಂಜನ ಹಳೇ ಕಾರಿನ ಮುಂದಿನ ದೀಪಗಳ ಪ್ಲಾಸ್ಟಿಕ್ಕು ಹಳದಿಗಟ್ಟಿ ಮಬ್ಬಾಗಿತ್ತು. ಕತ್ತಲಾದರೆ ಕೂಸನ್ನು ನಮ್ಮೂರು ತಳಕಿಗೆ ಹೇಗೆ ತರುವುದು? ಹಿತ್ತಾಳೆ ದೀಪ ಬೆಳಗುವಂತೆ ನಾನೇ ಹುಣಸೆಹಣ್ಣು, ಬೂದಿ ಹಚ್ಚಿ ಗಸಗಸ ಉಜ್ಜಿದೆ. ತೊಳೆದು ನೀರು ಆರಿದ ಮೇಲೆ ನೋಡಿದರೆ, ಸುಣ್ಣ ಬಳಿದ ಹಾಗೆ ಬೆಳ್ಳಗೆ!

“ಏನವ್ವಾ ಮಾಡಿಟ್ಟೆ? ಅಷ್ಟೋ ಇಷ್ಟೋ ಕಾಣ್ತಿತ್ತು, ಈಗ ಪೂರಾ ಕುರುಡಾತಲ್ಲ!” ಎಂದು ಮಂಜ ತಲೆ ಮೇಲೆ ಕೈಹೊತ್ತ.

ಹಗಲಿರುವಾಗಲೇ ಚಳ್ಳಕೆರೆಗೆ ಓಡಿ ಮೆಕ್ಯಾನಿಕ್ ಬಾಷಾ ಸಾಬರ ಮುಂದೆ ನಿಂತೆವು. ಅವರು ದೀಪವನ್ನು ಬೆರಳಲ್ಲಿ ಸವರಿ ಜೋರಾಗಿ ನಕ್ಕರು.

“ಹಳದಿ ಪೊರೆ ಎಲ್ಲಾ ಕಿತ್ತುಬಿಟ್ಟಿದೀರಲ್ಲ ಅಜ್ಜಿ! ನನ್ನ ಅರ್ಧ ಕೆಲಸ ನೀವೇ ಮುಗ್ಸಿದೀರಿ. ನಾಳೆಯಿಂದ ಗ್ಯಾರೇಜಿಗೇ ಬಂದ್ಬಿಡ್ರಿ.”

ನೀರು ಬಿಡುತ್ತಾ ನುಣುಪಾದ ಉಪ್ಪುಕಾಗದದಲ್ಲಿ ತಿಕ್ಕಿದರು, ಪಾಲಿಶ್ ಹಚ್ಚಿ ಬಟ್ಟೆಯಲ್ಲಿ ಒರೆಸಿದರು. ಒಳಗಿನ ಬಲ್ಬು ಥಳಥಳ ಕಾಣಿಸಿತು. ನಾನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ.

ಕತ್ತಲಾದ ಮೇಲೆ ಆಸ್ಪತ್ರೆಯಿಂದ ಹೊರಟ ಕೂಸು ನನ್ನ ಮಡಿಲಲ್ಲೇ ಮಲಗಿ ಊರು ಸೇರಿತು. ಮನೆಯಲ್ಲಿ ಕರೆಂಟು ಹೋಗಿತ್ತು. ಮಂಜ ಕಾರನ್ನು ಅಂಗಳಕ್ಕೆ ತಿರುಗಿಸಿ ಅದೇ ದೀಪ ಹಚ್ಚಿದ. ಮನೆಮಂದಿಯೆಲ್ಲ ಆ ಬೆಳಕಿನಲ್ಲಿ ಸಾಲಾಗಿ ಕೂತು ಮುದ್ದೆ ಉಂಡೆವು.