ಎರಡು ಕಿವಿ, ಒಂದು ಸೇತುವೆ

ಎರಡು ಕಿವಿ ಕಾಣಬೇಕು, ಹಲ್ಲು ಕಾಣಬಾರದು. ಈ ಎರಡು ಸೂತ್ರಗಳನ್ನು ನಂಬಿಕೊಂಡು ಸ್ಟುಡಿಯೋ ಮಾವ ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಸ್ಟೂಲಿನ ಮುಂದೆ ನಿಂತು, ಬೀದಿಯ ಒಳ್ಳೊಳ್ಳೆಯವರನ್ನೆಲ್ಲ ಕಳ್ಳರಂತೆ ಕಾಣುವ ಹಾಗೆ ಪಾಸ್‌ಪೋರ್ಟ್ ಫೋಟೋ ತೆಗೆದಿದ್ದರು. ಮದುವೆ, ಮುಂಜಿ, ಮೆರವಣಿಗೆ ಎಂದು ಯಾರು ಕರೆದರೂ ಸ್ಟೂಲು ಬಿಟ್ಟು ಹೋದವರಲ್ಲ.

ನದಿಯ ಮೇಲಿನ ದೊಡ್ಡ ಕಬ್ಬಿಣದ ಸೇತುವೆಯನ್ನು ಸೋಮವಾರದಿಂದ ಕಳಚುತ್ತಾರೆಂದು ಗೊತ್ತಾದಾಗ ಅವರ ಹೆಂಡತಿ, ಬೀದಿಗೆಲ್ಲ ಅತ್ತೆ, ಪಟ್ಟು ಹಿಡಿದರು.

"ಹೊಸದಾಗಿ ಮದುವೆ ಆದಾಗ ದಿನಾ ಸಂಜೆ ಅಲ್ಲೇ ಓಡಾಡ್ತಿದ್ವಿ. ಅದ್ರ ಜೊತೆ ನನ್ನದೊಂದು ಫೋಟೋ ಇಲ್ಲ. ಫೋಟೋದವನ ಹೆಂಡ್ತಿ ಅಂತ ಹೇಳ್ಕೊಳ್ಳೋಕೂ ನಾಚಿಕೆ ಆಗತ್ತೆ ರೀ."

ಭಾನುವಾರ ಬೆಳಿಗ್ಗೆ ಇಬ್ಬರೂ ಹೋದರು. ವಾಹನ ಸಂಚಾರ ನಿಲ್ಲಿಸಿದ್ದರಿಂದ ಸೇತುವೆಯ ತುಂಬ ಜನ. ಅತ್ತೆ ಕಂಬಿಗೆ ಒರಗಿ ನಿಂತರು, ಮಾವ ಕ್ಲಿಕ್ಕಿಸಿದರು. ಅತ್ತೆ ಬಂದು ಕ್ಯಾಮೆರಾದ ಹಿಂದಿನ ಪರದೆ ನೋಡಿದರು. ಬರೀ ಮುಖ.

"ಸೇತುವೆ ಎಲ್ರೀ?"

"ನಿನ್ನ ಹಿಂದೆ ಇದೆಯಲ್ಲೇ."

"ನನ್ನ ತಲೆ ಅಡ್ಡ ಇದೆ. ಇದನ್ನ ತೆಗೆಯೋಕೆ ಅಡಿಗೆಮನೆ ಗೋಡೆ ಸಾಕಿತ್ತು. ಹಿಂದೆ ಹೋಗಿ ತೆಗೀರಿ."

ಮಾವ ನಾಲ್ಕು ಹೆಜ್ಜೆ ಹಿಂದೆ ಹೋದರು, ಮೂರು ಹೆಜ್ಜೆ ಮುಂದೆ ಬಂದರು. ಹೀಗೆ ಹತ್ತು ಫೋಟೋ ಆದವು. ಹತ್ತರಲ್ಲೂ ಎರಡು ಕಿವಿ ಸೊಗಸಾಗಿ ಬಂದಿದ್ದವು. ಬಿಸಿಲು ಸರಿಯಿಲ್ಲ ಎಂದು ಮಾವ ಗೊಣಗಿದರು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಎಂದರು ಅತ್ತೆ. "ಸೊಂಟದವರೆಗಾದ್ರೂ ಬರ್ಲಿ! ಹಿಂದೆ ಹೋದ್ರೆ ಹುಲಿ ತಿನ್ನತ್ತಾ?"

ಮಾವ ಕ್ಯಾಮೆರಾ ಕೆಳಗಿಳಿಸಿದರು.

"ಹೋಗಿದ್ದೆ ಕಣೇ. ಮದುವೆ ಆದ ವರ್ಷ, ಇಲ್ಲೇ. ಪೂರ್ತಿ ಸೇತುವೆ ಬರ್ಲಿ ಅಂತ ಹಿಂದೆ ಹಿಂದೆ ಹೋದೆ. ನಡುವೆ ಒಂದು ಬಸ್ಸು ಬಂತು. ಬಸ್ಸು ಹೋದ್ಮೇಲೆ ನೀನಿಲ್ಲ."

"ಚಪ್ಪಲಿ ಕಿತ್ತೋಗಿತ್ತು. ಹೊಲಿಸೋಕೆ ಆ ತುದಿಗೆ ಹೋದೆ. ಒಂದು ಗಂಟೆ ಆದ್ಮೇಲೆ ಬಂದ್ರಿ. ಎಲ್ಲಿ ಅಲೀತಿದ್ರಿ ಅಂತ ನಾನೇ ಬೈದೆ."

"ಆ ಒಂದು ಗಂಟೆ ನಾನು ಕಂಬಿ ಮೇಲೆ ಬಗ್ಗಿ ನೀರು ನೋಡ್ತಿದ್ದೆ."

ಗಂಡನಿಗೆ ಕೈಚಳಕ ಸಾಲದು, ಅದಕ್ಕೇ ಸ್ಟೂಲಿಗೆ ಅಂಟಿಕೊಂಡಿದ್ದಾರೆ ಎಂದು ಅತ್ತೆ ಇಷ್ಟು ವರ್ಷ ನೆಂಟರಿಷ್ಟರ ಮುಂದೆಲ್ಲ ಆಡಿಕೊಂಡಿದ್ದರು. ಈಗ ಅವರಿಗೆ ಗಂಡನ ಮೇಲೆ ಮುದ್ದೂ ಬಂತು, ಸಿಟ್ಟೂ ಬಂತು. ಎರಡಕ್ಕೂ ಅವರ ಹತ್ತಿರ ಇದ್ದದ್ದು ಒಂದೇ ಬಾಯಿ.

"ಬಾಯಲ್ಲಿ ಏನು ಅವಲಕ್ಕಿ ತುಂಬ್ಕೊಂಡಿದ್ರಾ ಆವತ್ತೇ ಹೇಳೋಕೆ? ಈಗ ಹಿಂದೆ ಹೋಗಿ. ನಾನು ಬೈತಾನೇ ಇರ್ತೀನಿ. ನನ್ನ ದನಿ ಕೇಳೋವರೆಗೂ ನಾನು ಇಲ್ಲೇ ಇದ್ದೀನಿ ಅಂತ ತಿಳ್ಕೊಳ್ಳಿ."

ಮಾವ ಹಿಂದೆ ನಡೆದರು. ಅತ್ತೆ ಶುರುಮಾಡಿದರು. ಒಗೆಯಲು ಹಾಕದ ಅಂಗಿ, ಮರೆತ ಔಷಧಿ, ಗಂಡನ ಅಕ್ಕನ ಕೊಂಕು, ಒಂದೂ ಬಿಡಲಿಲ್ಲ. ಜನ ಸರಿದು ದಾರಿ ಬಿಟ್ಟರು. ಯಾರೋ ಹಿರಿಯರು "ಹೋಗ್ಲಿ ಬಿಡಮ್ಮ" ಎಂದು ಸಮಾಧಾನಕ್ಕೂ ಬಂದರು. ಐವತ್ತು ಹೆಜ್ಜೆ, ನೂರು ಹೆಜ್ಜೆ. ದನಿ ಸಣ್ಣಗಾದರೂ ನಿಲ್ಲಲಿಲ್ಲ. ಮೇಲಿನ ಕಮಾನೆಲ್ಲ ಚೌಕಟ್ಟಿಗೆ ಬಂದಾಗ ಮಾವ ನಿಂತರು. ಒಂದೇ ಒಂದು ಫೋಟೋ ತೆಗೆದರು.

ಅದೀಗ ಸ್ಟುಡಿಯೋದ ಗೋಡೆಯ ಮೇಲಿದೆ. ಅಷ್ಟು ದೊಡ್ಡ ಸೇತುವೆಯ ನಡುವೆ ಹೆಬ್ಬೆರಳಿನಷ್ಟು ಹೆಂಗಸು, ಕೈ ಮೇಲೆತ್ತಿ, ಬಾಯಿ ಪೂರ್ತಿ ತೆರೆದಿದ್ದಾಳೆ. ನೋಡಿದ ಗಿರಾಕಿಯೊಬ್ಬ ಕೇಳಿದ.

"ಯಾರು ಸಾರ್ ಇವ್ರು? ಯಾರ ಮೇಲೆ ಇಷ್ಟು ಸಿಟ್ಟು?"

"ನಮ್ಮನೆಯವಳು," ಎಂದರು ಮಾವ. "ಸಿಟ್ಟಲ್ಲ. ಇಲ್ಲೇ ಇದ್ದೀನಿ ಅಂತ ಹೇಳ್ತಾ ಇದ್ದಾಳೆ."