ಡ್ರೈವಿಂಗ್ ಟೀಚರಿಗೆ ಮರುಕಳಿಸಿದ ವೈರಸ್

ಕ್ಲಚ್ ಅಂದರೆ ಬ್ರೇಕ್ ತುಳಿಯುವವರ ಪಕ್ಕದಲ್ಲಿ ಇಡೀ ದಿನ ಕೂರುವ ಡ್ರೈವಿಂಗ್ ಟೀಚರಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಆ ವರ್ಷದ ಸಿಟ್ಟು ಬೇರೆ ಥರದ್ದು.

ಮಗಳ ಹೆರಿಗೆಯಲ್ಲಿ ಏರಿಸಿದ ರಕ್ತದ ಜೊತೆ ಹೆಪಟೈಟಿಸ್ ಸಿ ವೈರಸ್ ಆಕೆಯ ಮೈ ಸೇರಿತ್ತು. ಸದ್ದಿಲ್ಲದೆ ಲಿವರ್ ಕೆಡಿಸುತ್ತಿದ್ದದ್ದು ಗೊತ್ತಾದದ್ದು ಮಗಳು ಕಾಲೇಜು ಸೇರಿದ ಮೇಲೆ. ಡಾಕ್ಟರು ಮೂರು ತಿಂಗಳ ಮಾತ್ರೆ ಬರೆದರು. ಕಾರಿನಲ್ಲೇ ನೀರಿನ ಬಾಟಲಿ ಇಟ್ಟುಕೊಂಡು, ಎಂಥ ಟ್ರಾಫಿಕ್ಕಿನಲ್ಲೂ ಆಕೆ ಒಂದು ಮಾತ್ರೆ ತಪ್ಪಿಸಲಿಲ್ಲ. ಕೋರ್ಸ್ ಮುಗಿದಾಗ ರಕ್ತದಲ್ಲಿ ವೈರಸ್ಸೇ ಇರಲಿಲ್ಲ. ಕೆಲವು ತಿಂಗಳ ನಂತರ ನೋಡಿದರೆ ಮತ್ತೆ ಹಾಜರು.

"ನಡುವೆ ಮಾತ್ರೆ ಏನಾದ್ರೂ ಬಿಟ್ಟಿದ್ಯಾ?" ಗಂಡ ಮೆಲ್ಲಗೆ ಕೇಳಿದ.

"ನಾನು ಬಿಟ್ಟಿದ್ದು ನಿದ್ದೆ. ಮಾತ್ರೆ ಅಲ್ಲ!"

ಅಕ್ಕ ಫೋನಿನಲ್ಲಿ ಅದನ್ನೇ ಕೇಳಿದಳು. ಆಸ್ಪತ್ರೆಯ ನರ್ಸೂ ಅದನ್ನೇ. ಟೀಚರಿಗೆ ಮೈಯೆಲ್ಲ ಉರಿದುಹೋಯಿತು. "ನೀವೂ ಕೇಳಿಬಿಡಿ, ಎದ್ದು ಹೋಗ್ತೀನಿ," ಎಂದಳು ಡಾಕ್ಟರಿಗೆ.

"ತಪ್ಪು ನಿಮ್ಮದಲ್ಲಮ್ಮ," ಎಂದರು ಅವರು. "ಈ ವೈರಸ್ಸಲ್ಲಿ ಹಲವು ತಳಿ, ತಳಿಯೊಳಗೆ ಉಪತಳಿ. ನಕಲಾಗೋವಾಗೆಲ್ಲ ಸ್ವಲ್ಪ ಸ್ವಲ್ಪ ಬದಲಾಗ್ತಾನೇ ಇರುತ್ತೆ. ಹಾಗೆ ಬದಲಾದ ಕೆಲವಕ್ಕೆ ನಮ್ಮ ಔಷಧ ನಾಟಲ್ಲ. ಉಳಿದವು ಸತ್ತವು, ಇವು ಬೆಳೆದವು."

"ಮೊದಲೇ ಗೊತ್ತಾಗ್ತಿರಲಿಲ್ವಾ?"

"ತಳಿ ಪರೀಕ್ಷೆ ಮಾಡ್ಸಿದ್ರೆ ಸುಳಿವು ಸಿಗ್ತಿತ್ತು. ಈ ಮಾತ್ರೆ ಎಲ್ಲಾ ತಳಿಗೂ ಆಗುತ್ತೆ ಅಂತ ಮಾಡ್ಸಲಿಲ್ಲ."

ಆಕೆಗೆ ಬಾಯಿಗೆ ಬಂದ ಬೈಗುಳ ಅಲ್ಲೇ ಸಿಕ್ಕಿಕೊಂಡಿತು. ಒಪ್ಪಿಕೊಂಡವರನ್ನು ಬೈಯುವುದಾದರೂ ಹೇಗೆ?

ರಕ್ತ ದೂರದ ಲ್ಯಾಬಿಗೆ ಹೋಯಿತು. ದಾರಿಯಲ್ಲಿ ಕೆಟ್ಟಿತೆಂದು ಮತ್ತೆ ತೆಗೆದರು. ಉಪತಳಿ ಅಪರೂಪದ್ದು, ಹಳೆಯ ಮಾತ್ರೆಗೆ ಬಗ್ಗದ್ದು ಎಂದು ಗೊತ್ತಾಗುವಷ್ಟರಲ್ಲಿ ಆಕೆ ಸೋತು ಸುಣ್ಣವಾಗಿದ್ದಳು. ಮೂರು ಔಷಧ ಕೂಡಿದ ಹೊಸ ಮಾತ್ರೆ ಸ್ಟಾಕಿಲ್ಲವೆಂದು ಇನ್ನಷ್ಟು ಅಲೆದಾಟ. ಅಂತೂ ಅದೂ ಸಿಕ್ಕಿತು, ನುಂಗಿದ್ದೂ ಮುಗಿಯಿತು. ಮುಗಿದು ಮೂರು ತಿಂಗಳಾದ ಮೇಲೆ ಮಾಡಿದ ಕೊನೆಯ ಪರೀಕ್ಷೆಯಲ್ಲೂ ವೈರಸ್ ಇರಲಿಲ್ಲ.

"ವಾಸಿಯಾಯ್ತು," ಎಂದರು ಡಾಕ್ಟರು. "ಆದ್ರೆ ಲಿವರಲ್ಲಿ ಗಾಯದ ಕಲೆ ಉಳಿದಿದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸ್ತಾ ಇರಿ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಆಕೆ ಕುಸಿದು ಕೂತು ಅತ್ತುಬಿಟ್ಟಳು.

"ಹೋಯ್ತಲ್ಲ, ಇನ್ಯಾಕೆ ಅಳು?" ಎಂದ ಗಂಡ.

"ಹೋಗೋದು ಹೋಯ್ತು, ನನ್ನ ಒಂದು ವರ್ಷಾನೂ ತಿಂದುಕೊಂಡು ಹೋಯ್ತಲ್ಲ!"

ಅವನೂ ಆಕೆಯ ಪಕ್ಕದಲ್ಲಿ ಕೂತ.